ಹದಿನಾಲ್ಕನೇ ಯಂತ್ರ

ತುಂಗಭದ್ರೆಯ ದಂಡೆಯಲ್ಲಿದ್ದ ಒಂದು ಕಾಲೇಜಿನಲ್ಲಿ ಮೃತ್ಯುಂಜಯ ಮೇಷ್ಟ್ರು ಕಂಪ್ಯೂಟರ್ ಭದ್ರತೆಯನ್ನು ಕಲಿಸುತ್ತಿದ್ದರು. ಲ್ಯಾಬಿನ ಉಸ್ತುವಾರಿಯೂ ಅವರದೇ.

ಮೊದಲ ದಿನ ಅವರು ಹೇಳಿದರು: "ಬಾಗಿಲಿಗೆ ಯಾರೇ ಬರಲಿ, ಯಂತ್ರ ಸುಮ್ಮನೆ ನಂಬುವುದಿಲ್ಲ. ನೀನು ಯಾರು ಎಂದು ಕೇಳುತ್ತದೆ. ಉತ್ತರ ಸರಿಯಿದ್ದರೆ ಒಳಗೆ ಬಿಡುತ್ತದೆ."

ಇಂಚರಾ ಎಂಬ ವಿದ್ಯಾರ್ಥಿನಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಯಾರನ್ನೂ ನಂಬಬಾರದು.

ಅಂದಿನಿಂದ ಅವಳು ಹಾಗೆಯೇ ಬದುಕಿದಳು. ಪಾಸ್‌ವರ್ಡ್ ಒತ್ತುವಾಗ ಗೆಳತಿಗೂ ಬೆನ್ನು ತಿರುಗಿಸಿದಳು. ಹಾಸ್ಟೆಲಿನಲ್ಲಿ ಫೋನನ್ನು ದಿಂಬಿನ ಕೆಳಗಿಟ್ಟು ಮಲಗಿದಳು. ಯಾರಾದರೂ ನಕ್ಕರೆ, ಯಾಕೆ ನಕ್ಕರು ಎಂದು ಯೋಚಿಸಿದಳು.

ಒಂದು ಸೋಮವಾರ ಅವಳು ಮೇಷ್ಟ್ರ ಕೋಣೆಗೆ ಓಡಿ ಬಂದಳು.

"ಸರ್, ನನ್ನ ಅಕೌಂಟಿಗೆ ಯಾರೋ ನುಗ್ಗಿದ್ದಾರೆ."

"ಹೇಗೆ ಗೊತ್ತಾಯಿತು?"

"ಶನಿವಾರ ಒಂದು ಗಂಟೆಗೆ ನಾನು ಲ್ಯಾಬಿನಿಂದ ಹೊರಟೆ. ನಾನು ಕೂತಿದ್ದ ಹದಿನಾಲ್ಕನೇ ಯಂತ್ರ ಐದು ಗಂಟೆಯವರೆಗೆ ನನ್ನ ಹೆಸರಿನಲ್ಲೇ ನಡೆದಿದೆ. ಯಂತ್ರ ಬರೆದಿಡುವ ಲಾಗ್ ನೋಡಿದೆ. ನನ್ನ ಪ್ರಾಜೆಕ್ಟಿನ ನಡುವೆ ಅರ್ಥವಿಲ್ಲದ ಅಕ್ಷರಗಳ ಮೂರು ಸಾಲು ಬಂದಿವೆ."

"ಯಾರ ಮೇಲೆ ಅನುಮಾನ?"

"ಮೊದಲು ರೂಮಿನ ಗೆಳತಿಯ ಮೇಲೆ ಬಂತು. ಆಮೇಲೆ ಪಕ್ಕದ ಬೆಂಚಿನ ಇಬ್ಬರ ಮೇಲೆ, ಆಮೇಲೆ ವಾಚ್‌ಮನ್ ಮೇಲೆ. ಈಗ ಅನುಮಾನವೇ ಇಲ್ಲ ಸರ್. ಕಸ ಗುಡಿಸುವ ದ್ಯಾಮಕ್ಕ. ಅವಳು ಆ ಯಂತ್ರದ ಮುಂದೆ ಕುಳಿತಿದ್ದನ್ನು ಇಬ್ಬರು ನೋಡಿದ್ದಾರೆ."

"ನೀನು ಹೊರಡುವಾಗ ಲಾಗ್ ಔಟ್ ಆದೆಯಾ?"

"ಆಗಿರುತ್ತೇನೆ ಸರ್."

"ಆಗಿರುತ್ತೀಯಾ?"

ಇಂಚರಾ ಶನಿವಾರವನ್ನು ನೆನಪಿಸಿಕೊಳ್ಳಲು ನೋಡಿದಳು.

"ದ್ಯಾಮಕ್ಕನನ್ನು ಕೇಳಿದೆಯಾ?"

"ಕೇಳಿದರೆ ನಿಜ ಹೇಳುತ್ತಾಳಾ? ಬೆಳಿಗ್ಗೆಯೇ ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಅವಳನ್ನು ಕಳಿಸಿದ್ದಾರೆ."

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ ಸರ್?"

"ಕೇಳೋದಕ್ಕೆ."

ದ್ಯಾಮಕ್ಕ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೇಷ್ಟ್ರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಇಂಚರಾಳ ಕಡೆ ನೋಡಲಿಲ್ಲ.

ಮೇಷ್ಟ್ರು ಹೊಳೆ ನೋಡುತ್ತಾ ನಿಂತರು. ಕೊನೆಗೆ ಇಂಚರಾಳೇ ಕೇಳಬೇಕಾಯಿತು.

"ಶನಿವಾರ ನನ್ನ ಕಂಪ್ಯೂಟರ್ ಮುಂದೆ ಕೂತಿದ್ರಾ?"

"ಕೂತಿದ್ದೆ ಕಣಮ್ಮ."

"ಯಾಕೆ?"

"ನೀನು ಹಂಗೇ ಬಿಟ್ಟು ಹೋಗಿದ್ದೆ. ಧೂಳು ಒರೆಸೋಕೆ ಗುಂಡಿಗಳ ಮೇಲೆ ಬಟ್ಟೆ ಇಟ್ಟೆ ನೋಡು, ಪರದೆ ಮೇಲೆ ಅಕ್ಷರ ಓಡಿದ್ವು. ಆರಿಸಿದರೆ ನಿನ್ನ ಕೆಲಸ ಎಲ್ಲಾ ಹೋಗಿಬಿಡುತ್ತೇನೋ ಅಂತ ಮುಟ್ಟಲಿಲ್ಲ."

"ಅಲ್ಲೇ ಯಾಕೆ ಕೂತ್ರಿ?"

"ಮೂರು ಹುಡುಗರು ಬಂದ್ರು. ಇಂಚರಾಂದು ಓಪನ್ ಇದೆ, ಒಂದ್ಸಲ ನೋಡ್ತೀವಿ ಏಳು ಅಂದ್ರು. ಏಳಲಿಲ್ಲ. ಹೊರಗೆ ಹೋಗ್ತಾರೆ, ಮತ್ತೆ ಬಂದು ಇಣುಕ್ತಾರೆ. ಐದಕ್ಕೆ ಲ್ಯಾಬಿನ ಕರೆಂಟ್ ತೆಗೆಯೋವರೆಗೂ ಕೂತೇ ಇದ್ದೆ. ನೀನು ವಾಪಸ್ ಬರ್ತೀಯಾ ಅಂತ ನೋಡಿದೆ."

"ಪ್ರಿನ್ಸಿಪಾಲರ ಮುಂದೆ ಇದನ್ನು ಹೇಳಲಿಲ್ವಾ?"

"ಏನೂ ಕೇಳಲಿಲ್ಲ ತಾಯಿ. ಹೋಗು ಅಂದ್ರು, ಬಂದೆ."

ಇಂಚರಾಳ ಮುಖ ಬಾಡಿತು. ತಪ್ಪಾಯಿತು ಎಂದಳು. ದ್ಯಾಮಕ್ಕ ಕೇಳಿಸದವಳ ಹಾಗೆ ಬಗ್ಗಿ ಬಟ್ಟೆ ಹಿಂಡಿದಳು.

ವಾಪಸ್ ಬರುವ ದಾರಿಯಲ್ಲಿ ಇಂಚರಾ ತಡೆಯಲಾರದೆ ಕೇಳಿದಳು: "ಸರ್, ಅವಳು ಹೇಳಿದ್ದು ನಿಜ ಇರಬಹುದಾ?"

"ಹುಡುಗರು ಮೂರು ಜನ ಎಂದಳಲ್ಲ. ಅವರನ್ನೂ ಕೇಳು."

ಆ ಮೂವರು ಯಾರೆಂದು ಪತ್ತೆ ಮಾಡಿ ಕೇಳಿದಳು. ಇಬ್ಬರು ಇಲ್ಲವೆಂದರು. ಮೂರನೆಯವನು ತಲೆ ತಗ್ಗಿಸಿ, "ಆಯಮ್ಮ ಜಗ್ಗಲಿಲ್ಲ" ಎಂದ.

ಇಂಚರಾ ದೂರನ್ನು ಹಿಂದಕ್ಕೆ ತೆಗೆದುಕೊಂಡಳು. ತಪ್ಪು ತನ್ನದೇ ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದಳು. ನಾಲ್ಕನೇ ದಿನ ದ್ಯಾಮಕ್ಕ ಕೆಲಸಕ್ಕೆ ಬಂದಳು.

ಬಂದವಳು ಹದಿಮೂರನೇ ಯಂತ್ರ ಒರೆಸಿದಳು, ಹದಿನೈದನೆಯದನ್ನು ಒರೆಸಿದಳು. ಹದಿನಾಲ್ಕನ್ನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಅದರ ಮೇಲೆ ಧೂಳು ಕೂತಿತು.

ಇಂಚರಾ ತಾನೇ ಬಟ್ಟೆ ತಂದು ಒರೆಸತೊಡಗಿದಳು. ದ್ಯಾಮಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬರಲಿಲ್ಲ.

ಸಂಜೆ ಇಂಚರಾ ಮೇಷ್ಟ್ರ ಬಳಿ ಬಂದಳು.

"ಸರ್, ಇನ್ನು ಮೇಲೆ ಯಾರ ಮೇಲೂ ಅನುಮಾನ ಪಡುವುದಿಲ್ಲ."

"ಹಾಗಾದರೆ ನನ್ನ ತರಗತಿಗೆ ಬರಬೇಡ."

ಅವಳು ಗಾಬರಿಯಾದಳು. "ಅನುಮಾನ ಪಟ್ಟೇ ತಾನೇ ಸರ್ ತಪ್ಪು ಮಾಡಿದ್ದು?"

"ಎಷ್ಟು ಜನರ ಮೇಲೆ ಪಟ್ಟೆ?"

"ಐದು."

"ಯಾರ ಪಾಸ್‌ವರ್ಡೂ ಇಲ್ಲದೆ ಆ ಲ್ಯಾಬಿನ ಯಾವ ಅಕೌಂಟನ್ನಾದರೂ ತೆರೆಯುವ ಅಧಿಕಾರ ಯಾರಿಗಿದೆ?"



"ನಿಮಗೆ, ಸರ್."

"ಮತ್ತೆ, ಶನಿವಾರ ಮಧ್ಯಾಹ್ನ ಎಲ್ಲಿದ್ದಿರಿ ಎಂದು ನನ್ನನ್ನು ಯಾಕೆ ಕೇಳಲಿಲ್ಲ?"