ಕೈತಪ್ಪಿ

ಹೊಳೆದಂಡೆಯ ಒಂದು ಮಠ. ಅಲ್ಲಿಯ ಗುರುಗಳನ್ನು ಶಿಷ್ಯರು ಅಪ್ಪಗಳು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪಗಳ ಏಕತಾರಿ ಒಡೆಯಿತು.

ಅದು ಅವರ ಗುರುಗಳಿಂದ ಬಂದ ವಾದ್ಯ. ಇನ್ನು ಮೇಲೆ ಸಂಜೆ ಪದ ಹಾಡುವಾಗ ಅದನ್ನು ಶಿಷ್ಯ ಅಡಿವೆಪ್ಪನೇ ನುಡಿಸಲಿ ಎಂದು ಹಿಂದಿನ ದಿನವಷ್ಟೇ ಹೇಳಿದ್ದರು. ಈಗ ನೋಡಿದರೆ ಅದರ ಸೋರೆಬುರುಡೆ ಇನ್ನೊಬ್ಬ ಶಿಷ್ಯ ಕರಿಬಸವನ ಕಾಲ ಬಳಿ ಎರಡು ಹೋಳಾಗಿ ಬಿದ್ದಿತ್ತು.

“ಒರೆಸಿಡಾಕ ತಗೊಂಡಿದ್ದೆ. ಕೈತಪ್ಪಿ ಬಿತ್ತು,” ಎಂದ ಕರಿಬಸವ.

ಕೈತಪ್ಪಿಯಂತೆ! ಅಡಿವೆಪ್ಪನಿಗೆ ಮೈಯೆಲ್ಲ ಉರಿಯಿತು. ಹನ್ನೆರಡು ವರ್ಷ ಹೊಳೆಯಿಂದ ತುಂಬಿದ ಕೊಡ ಹೊತ್ತು ತಂದ ಕೈ ಇವತ್ತೇ ತಪ್ಪಬೇಕೆ?

ನೆಟ್ಟಗೆ ಅಪ್ಪಗಳ ಮುಂದೆ ಹೋಗಿ ನಿಂತ.

“ಹೊಟ್ಟೆಕಿಚ್ಚಿಗೆ ಬೇಕಂತ ಒಡೆದಾನ್ರಿ. ಕಳಿಸಿಬಿಡ್ರಿ ಅವನ್ನ.”

“ಅವಗ ತಂದಿ ಇಲ್ಲ, ತಾಯಿ ಇಲ್ಲ. ಎಲ್ಲಿಗೆ ಕಳಿಸಲಿ?”

“ಎಲ್ಲಿಗಾದ್ರೂ ಹೋಗಲಿ. ಅವ ಇದ್ದಲ್ಲಿ ನಾ ಇರಂಗಿಲ್ಲ.”

ಅಪ್ಪಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

“ನಾ ಕಂಡಿಲ್ಲ, ನೀನೂ ಕಂಡಿಲ್ಲ. ಮೂರು ದಿನ ಅವನ್ನ ನೋಡು. ಆಮ್ಯಾಲೆ ನೀ ಹೇಳಿದಂಗ.”

ಅಡಿವೆಪ್ಪ ನೋಡತೊಡಗಿದ. ಕರಿಬಸವ ಊಟ ಬಿಟ್ಟರೆ, ನಾಟಕ. ಉಂಡರೆ, ನೋಡು ಎಷ್ಟು ನೆಮ್ಮದಿಯಾಗಿ ಉಣ್ಣುತ್ತಾನೆ. ಕೊಡವನ್ನು ಹುಷಾರಾಗಿ ಇಳಿಸಿದರೆ ಕೈ ಗಟ್ಟಿಯಿದೆ ಎಂಬುದಕ್ಕೆ ಸಾಕ್ಷಿ. ನೀರು ತುಳುಕಿದರೆ, ಬೇಕೆಂದೇ ತುಳುಕಿಸಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪಾಪ, ಕಾಮಾಲೆ ತನಗೇ ಆಗಿದೆ ಅಂತ ಯಾರಿಗೆ ತಾನೇ ತಿಳಿಯುತ್ತದೆ.

ಮೂರನೆಯ ದಿನ ಕರಿಬಸವ ತಾನಾಗಿಯೇ ಬಟ್ಟೆಗಂಟು ಕಟ್ಟಿಕೊಂಡು ಜಗುಲಿಯ ಮೇಲೆ ಕುಳಿತಿದ್ದ.

ಒಳಗೆ ಅಡಿವೆಪ್ಪ ಒಲೆಯ ಮೇಲೆ ಹಾಲಿಟ್ಟಿದ್ದ. ಅಪ್ಪಗಳು ದಿನಕ್ಕೆ ತೆಗೆದುಕೊಳ್ಳುತ್ತಿದ್ದ ಆಹಾರ ಅದೊಂದೇ. ಗಂಟಿನಲ್ಲಿ ಏನೇನು ಕಟ್ಟಿಕೊಂಡನೋ ಎಂದು ಅಡಿವೆಪ್ಪ ಕಿಟಕಿಯಿಂದ ಇಣುಕಿ ನೋಡುತ್ತಲೇ ಇದ್ದ. ವಾಸನೆ ಬಂದು ತಿರುಗುವಷ್ಟರಲ್ಲಿ ಹಾಲೆಲ್ಲ ಬೂದಿ ಸೇರಿತ್ತು.

ಅಪ್ಪಗಳು ಬಂದರು.

“ಏನಾತು?”

“ಹಾಲು ಉಕ್ಕಿಹೋತ್ರಿ, ಅಪ್ಪಾರ.”

“ಯಾರು ಉಕ್ಕಿಸಿದರು?”

“ಯಾರೂ ಇಲ್ರಿ. ತಾನ ಉಕ್ಕಿತು.”

ಕರಿಬಸವ ಬಾಗಿಲಿಗೆ ಬಂದು ನಿಂತ. “ಅವಗ ಬೈಬ್ಯಾಡ್ರಿ, ಅಪ್ಪಾರ. ಕಣ್ತಪ್ಪಿ ಆಗಿರತೈತಿ.”

ಆ ಮಾತಿನಲ್ಲೂ ಏನೋ ಮಸಲತ್ತು ಇದೆ ಎನಿಸಿತು ಅಡಿವೆಪ್ಪನಿಗೆ. ಆದರೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಮೂರು ದಿನ ಮುಗೀತು,” ಎಂದರು ಅಪ್ಪಗಳು. “ಏನ ಹೇಳ್ತಿ?”

“ಏಕತಾರಿ ಅವ ಒಡೆದಾನ್ರಿ.” ಈ ಸಲ ದನಿ ಅಷ್ಟು ಗಟ್ಟಿಯಿರಲಿಲ್ಲ.

ಅಪ್ಪಗಳು ಬರಿದಾದ ಪಾತ್ರೆಯನ್ನು ಒಲೆಯಿಂದ ಇಳಿಸಿ ಅವನ ಮುಂದಿಟ್ಟರು.

“ಹಾಲು ತಾನ ಉಕ್ಕಿತು, ಏಕತಾರಿ ಅವ ಒಡೆದ. ಈಗ ಇದನ್ನ ತಿರುವಿ ಹೇಳು: ಏಕತಾರಿ ತಾನ ಒಡೀತು, ಹಾಲು ನಾ ಉಕ್ಕಿಸಿದೆ. ಹೇಳು. ಹೇಳಿದ ಮ್ಯಾಲೆ, ಜಗುಲಿ ಮ್ಯಾಲಿನ ಗಂಟು ಯಾರ ಹೆಗಲಿಗೆ ಹೊರಸಬೇಕು, ಅದನ್ನೂ ನೀನ ಹೇಳು.”