ಸಂತೆಗೋಡೆಯ ಹೆಗ್ಗಣ

ಎರಡು ಕಾಡುಗಳ ನಡುವೆ ಯುದ್ಧ ಹತ್ತಿತ್ತು. ಹುಂಜ ಕಾಳಗಕ್ಕೆ ಹೋದದ್ದರಿಂದ ಮರಿಗಳ ಹೊಟ್ಟೆಯ ಚಿಂತೆ ಹೇಂಟೆಯ ತಲೆಗೆ ಬಿತ್ತು. ಸಿಂಹರಾಜ ರಾಗಿಗೆ ಬೆಲೆ ನಿಗದಿ ಮಾಡಿದ್ದ. ಆದರೆ ಅಂಗಡಿಯ ಹೆಗ್ಗಣ, "ಆ ಬೆಲೆಗೆ ಕಾಳಿಲ್ಲಮ್ಮ. ಮೂರು ಪಟ್ಟು ಕೊಡುವುದಾದರೆ ಹಿತ್ತಲ ಬಾಗಿಲಿಗೆ ಬಾ" ಎಂದಿತು.

ಹೇಂಟೆಗೆ ಮೈಯೆಲ್ಲ ಉರಿದುಹೋಯಿತು. ಇದ್ದಿಲು ಕಚ್ಚಿಕೊಂಡು ಬಂದು, ಮೂಟೆಗಳ ಮೇಲೆ ಕುಳಿತ ಡೊಳ್ಳುಹೊಟ್ಟೆಯ ಹೆಗ್ಗಣದ ಚಿತ್ರವನ್ನು ಸಂತೆಗೋಡೆಯ ಮೇಲೆ ಬರೆಯಿತು. ಕಂಡವರೆಲ್ಲ ಬಿದ್ದು ಬಿದ್ದು ನಕ್ಕರು.

"ನನ್ನ ಮಾನ ಹೋಯಿತು ಸ್ವಾಮಿ!" ಎಂದು ಹೆಗ್ಗಣ ಬೆಲೆ ಅಧಿಕಾರಿ ನರಿಯ ಬಳಿಗೆ ಓಡಿತು. ನರಿ ಅದರ ಅಂಗಡಿಯಿಂದ ಒಂದು ಮೂಟೆ ರಾಗಿಯನ್ನು ತನ್ನ ಮನೆಗೆ ಹೊರಿಸಿ, ಗೋಡೆಗೆ ಸುಣ್ಣ ಬಳಿಸಿತು. "ಯುದ್ಧಕಾಲದಲ್ಲಿ ವರ್ತಕರನ್ನು ಹಳಿಯುವುದು ರಾಜದ್ರೋಹ!" ಎಂದು ಹೇಂಟೆಯನ್ನು ಗದರಿತು.

"ನನ್ನ ಗಂಡ ಅಲ್ಲಿ ಪ್ರಾಣ ಒತ್ತೆಯಿಟ್ಟು ಕಾದುತ್ತಿರುವುದು ಈ ಮೂಟೆಗಳನ್ನು ಕಾಯುವುದಕ್ಕೇನು ಸ್ವಾಮಿ?" ಎಂದಿತು ಹೇಂಟೆ.

ಸುಣ್ಣ ಆರುತ್ತಲೇ ಅದು ಮತ್ತೆ ಬರೆಯಿತು. ಈ ಸಲ ಹೆಗ್ಗಣದ ಪಕ್ಕದಲ್ಲಿ ನರಿಯೂ ಕುಳಿತಿತ್ತು.