ಗೋಣಿ ಹೊದ್ದ ಹೆಣ್ಣುಮರಿಗಳು

ಕುದುರೆ ಮರಿಗಳಿಗೆ ಓಟ ಕಲಿಸುವ ಶಾಲೆಯೊಂದಿತ್ತು. ಪೇಟೆಯಲ್ಲಿ ಜಟಕಾ ಎಳೆದು ಮುದಿಯಾದ ಕುದುರೆಯೇ ಅಲ್ಲಿ ಹೆಡ್‌ಮೇಷ್ಟ್ರು. ಒಂದು ದಿನ ಗಂಡುಮರಿಯೊಂದು, ಪಕ್ಕದಲ್ಲಿ ಓಡುತ್ತಿದ್ದ ಕೆಂಚಿಯೆಂಬ ಹೆಣ್ಣುಮರಿಯ ಹಾರಾಡುವ ಕೂದಲನ್ನೇ ನೋಡುತ್ತ ಹೋಗಿ ಬೇಲಿಗೆ ಗುದ್ದಿಕೊಂಡಿತು. ತಪ್ಪು ಕೂದಲಿನದೇ ಎಂದು ತೀರ್ಮಾನಿಸಿದ ಮೇಷ್ಟ್ರು ಆಜ್ಞೆ ಹೊರಡಿಸಿದರು: "ನಾಳೆಯಿಂದ ಹೆಣ್ಣುಮರಿಗಳೆಲ್ಲ ಕತ್ತಿನಿಂದ ಬಾಲದವರೆಗೆ ಗೋಣಿ ಹೊದ್ದು ಬರತಕ್ಕದ್ದು. ಗಂಡುಮರಿಗಳ ಗಮನ ಕೆಡುತ್ತಿದೆ."

ಮಾರನೆಯ ದಿನ ಹೆಣ್ಣುಮರಿಗಳು ಸೆಖೆಗೆ ಬೆವತು, ಕಾಲಿಗೆ ಗೋಣಿ ತೊಡರಿ ಎಡವಿದವು.

"ಈ ಹೆಣ್ಣುಮರಿಗಳಿಗೆ ಓಟ ಒಲಿಯುವುದಿಲ್ಲ ಬಿಡಿ," ಎಂದರು ಮೇಷ್ಟ್ರು.

ಕೆಂಚಿ ಮುಂದೆ ಬಂದಳು. "ಮೇಷ್ಟ್ರೇ, ಜಟಕಾ ಎಳೆಯುವಾಗ ನೀವು ಬಸ್ಸು ಕಂಡರೆ ಬೆದರುತ್ತಿದ್ದಿರಂತೆ, ಹೌದೇ?"

"ಹೌದು. ಪ್ರಾಯದಲ್ಲಿ ಯಾರು ಬೆದರುವುದಿಲ್ಲ?"

"ಆಗ ನಿಮ್ಮ ಯಜಮಾನ ಊರಿನ ಬಸ್ಸುಗಳಿಗೆಲ್ಲ ಗೋಣಿ ಹೊದಿಸಿದನೋ?"

"ಹುಚ್ಚಿ! ಅಕ್ಕಪಕ್ಕ ಕಾಣದಂತೆ ನನಗೇ ಕಣ್ಣುಪಟ್ಟಿ ಕಟ್ಟಿದ," ಎಂದುಬಿಟ್ಟ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು.

ಆ ಹಳೆಯ ಕಣ್ಣುಪಟ್ಟಿ ಲಾಯದ ಗೂಟದಲ್ಲೇ ನೇತಾಡುತ್ತಿತ್ತು. ಕೆಂಚಿ ಅದನ್ನು ಕಚ್ಚಿ ತಂದು, ಬೇಲಿಗೆ ಗುದ್ದಿಕೊಂಡಿದ್ದ ಗಂಡುಮರಿಯ ಮುಂದೆ ಹಾಕಿದಳು.

"ಅಯ್ಯೋ, ಇದನ್ನು ಕಟ್ಟಿಕೊಂಡು ಓಡುವುದು ಹಿಂಸೆ!" ಎಂದಿತು ಗಂಡುಮರಿ.

"ಹಾಗಿದ್ದರೆ ದಾರಿ ನೋಡಿಕೊಂಡು ಓಡುವುದನ್ನು ಕಲಿ," ಎಂದ ಕೆಂಚಿ, ಬೇಲಿಗೆ ಮೈ ಉಜ್ಜಿ ಗೋಣಿ ಕೆಡವಿದಳು. ಉಳಿದ ಹೆಣ್ಣುಮರಿಗಳೂ ಉಜ್ಜಿದವು. ಮೇಷ್ಟ್ರು "ನಿಲ್ಲಿ" ಎನ್ನುವಷ್ಟರಲ್ಲಿ ಅವು ಗೋಣಿಗಳನ್ನು ತುಳಿದುಕೊಂಡು ಓಡುತ್ತಿದ್ದವು. ಒಂದೂ ಎಡವಲಿಲ್ಲ.